ಜರುಗುವ ಸ್ಪೀಕರ್‌ಫೋನ್

ಆ ವಾರ ಮೂರನೇ ಸಲ ದೂರು ಬಂತು. ಕಾನ್ಫರೆನ್ಸ್ ರೂಮಿನಲ್ಲಿ ಮತ್ತೆ ಎಕೋ. ಬ್ರಾಂಚಿನವರು ಏನು ಹೇಳಿದರೂ ಅವರ ಮಾತು ಅವರಿಗೇ ವಾಪಸ್ ಕೇಳಿಸುತ್ತಿದೆಯಂತೆ. ಆಫೀಸಿನವರೆಲ್ಲ ಮೈಕ್ ಮೇಡಂ ಎಂದು ಕರೆಯುವ ಸೌಂಡ್ ಟೆಕ್ನಿಷಿಯನ್ ಹುಡುಗಿಗೆ ತಲೆ ಚಿಟ್ಟು ಹಿಡಿಯಿತು.

ಮೇಜಿನ ಮೇಲಿನ ಸ್ಪೀಕರ್‌ಫೋನ್ ಜರುಗಿಸಬೇಡಿ ಎಂದು ಎಷ್ಟು ಸಲ ಹೇಳಿದ್ದಳು! ಸ್ಪೀಕರಿನಿಂದ ಹೊರಟ ದನಿ ಗೋಡೆಗೆ, ಮೇಜಿಗೆ ಬಡಿದು ಹೇಗೆ ಮರಳುತ್ತದೆಂದು ಆ ಯಂತ್ರ ಕಲಿತುಕೊಳ್ಳುತ್ತದೆ, ಕಲಿತು ಅಷ್ಟನ್ನು ಅಳಿಸಿಹಾಕುತ್ತದೆ. ಜಾಗ ಬದಲಿಸಿದರೆ ಪಾಪ, ಮತ್ತೆ ಮೊದಲಿನಿಂದ ಕಲಿಯಬೇಕು. ಇವರಿಗೆ ಹೇಳುವ ಬದಲು ಗೋಡೆಗೆ ಹೇಳಿದ್ದರೆ ಅದಾದರೂ ಕೇಳಿಸಿಕೊಳ್ಳುತ್ತಿತ್ತು.

ಕಳ್ಳ ಯಾರೆಂದು ಇವತ್ತು ಮೀಟಿಂಗಿನಲ್ಲೇ ಕುಳಿತು ಕಣ್ಣಾರೆ ಕಂಡಳು. ಕಟ್ಟಡಗಳ ಪ್ಲಾನ್ ಬರೆಯುವ ನಕ್ಷೆಗಾರ. ಆ ಕಡೆಯವರು ಬಾಯಿ ತೆರೆದಾಗಲೆಲ್ಲ ಅವನ ಎರಡು ಬೆರಳು ಮೆಲ್ಲಗೆ ಸ್ಪೀಕರ್‌ಫೋನನ್ನು ತನ್ನತ್ತ ಎಳೆದುಕೊಳ್ಳುತ್ತಿದ್ದವು. ಆಮೇಲೆ ಏನೂ ಅರಿಯದವನಂತೆ ಮುಖ ಮಾಡಿ ಕೂರುತ್ತಿದ್ದ. ಆ ಮುಖ ನೋಡಿದರೆ ಬೈಯಲು ಬಾಯೇ ಬರುವುದಿಲ್ಲ, ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು.

ಅವನ ಮೇಲಿನ ಸಿಟ್ಟು ಹಳೆಯದು. ಎಂಟು ತಿಂಗಳ ಹಿಂದೆ ಲಿಫ್ಟಿನಲ್ಲಿ ಇಬ್ಬರೇ ಇದ್ದಾಗ, ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ, ಸಂಜೆ ಕಾಫಿಗೆ ಹೋಗೋಣವೇ ಎಂದು ಮೆಲ್ಲಗೆ ಕೇಳಿದ್ದಳು. ಪುಣ್ಯಾತ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಾಗಿಲು ತೆರೆದಾಗ ಸುಮ್ಮನೆ ನಕ್ಕು ಇಳಿದು ಹೋದ. ಅಂದಿನಿಂದ ಅವಳು ನಾಲ್ಕು ಮಹಡಿಯ ಮೆಟ್ಟಿಲು ಹತ್ತುತ್ತಿದ್ದಳು. ದಿನಾ ಅವನನ್ನು ನೋಡಿ ಸಂಕಟಪಡುವುದೇ ಬೇಡವೆಂದು ಬ್ರಾಂಚಿಗೆ ವರ್ಗ ಕೇಳಿದ್ದಳು; ಅದು ಮಂಜೂರಾಗಿತ್ತು, ಇವತ್ತು ಸಂಜೆಯೊಳಗೆ ಅವಳು ಒಪ್ಪಿಗೆ ಬರೆದುಕೊಟ್ಟರೆ ಸೋಮವಾರದಿಂದ ಅಲ್ಲಿ.

ಎಲ್ಲರೂ ಎದ್ದು ಹೋದ ಮೇಲೆ ಅವನ ಬಲಗಡೆ ತುಸು ಹಿಂದೆ ನಿಂತು, ಯಾಕೆ ಅದನ್ನು ಎಳೆಯುತ್ತೀರಿ ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಅವನು ನಕ್ಷೆಯ ಸುರುಳಿ ಸುತ್ತುತ್ತಲೇ ಇದ್ದ. ಇನ್ನೊಮ್ಮೆ ಕೇಳಿದಳು. ಸುರುಳಿಗೆ ರಬ್ಬರ್ ಬ್ಯಾಂಡ್ ಹಾಕಿದ. ಮೈಯೆಲ್ಲ ಉರಿದುಹೋಗಿ, ಮೇಜು ಬಳಸಿಕೊಂಡು ಅವನ ಎಡಗಡೆಗೆ ಬಂದಳು.

"ಅರೆ, ನೀವಿನ್ನೂ ಇಲ್ಲೇ ಇದ್ದೀರಾ?" ಎಂದು ಬೆಚ್ಚಿದ.

ಅವಳು ಅವನ ಬಲಗಿವಿಯನ್ನೇ ನೋಡಿದಳು. ಲಿಫ್ಟಿನಲ್ಲೂ ತಾನು ನಿಂತದ್ದು ಅದೇ ಕಡೆ.

"ಆ ಕಿವಿ ಕೇಳ್ಸಲ್ವಾ ನಿಮಗೆ?"

ಅವನ ಮುಖ ಬಿಳುಚಿತು. ಚಿಕ್ಕಂದಿನಿಂದಲೂ ಹಾಗೇ, ಅಮ್ಮ, ಅಕ್ಕನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಗೊತ್ತಾದರೆ ಸೈಟಿನ ಕೆಲಸದಿಂದ ತೆಗೆದುಬಿಡುತ್ತಾರೆ ಎಂದು ತಡವರಿಸಿದ. ಆಮೇಲೆ ತಲೆ ತಗ್ಗಿಸಿ, ನಿಮಗಂತೂ ಗೊತ್ತಾಗಬಾರದು ಅಂದುಕೊಂಡಿದ್ದೆ ಎಂದ.

"ಹೇಳೋಕೆ ನಿಮಗೇನ್ರೀ ದಾಡಿ? ಎಂಟು ತಿಂಗಳಿಂದ ಮೆಟ್ಟಿಲು ಹತ್ತಿ ಹತ್ತಿ ನನ್ನ ಮಂಡಿ ಹೋಯ್ತು. ಲಿಫ್ಟಲ್ಲಿ ನಿಮ್ಮನ್ನ ಒಂದು ಮಾತು ಕೇಳಿದ್ದೆ."

"ಏನು ಕೇಳಿದ್ರಿ?"

"ಇನ್ನೊಂದ್ಸಲ ನಾನು ಕೇಳಲ್ಲ. ನೀವೇ ಯೋಚನೆ ಮಾಡಿ."

ಅವನು ಯೋಚಿಸಿದ. ತುಂಬಿಬಂದ ಅವಳ ಕಣ್ಣು ನೋಡಿದ, ಕೆಂಪೇರಿದ ಕೆನ್ನೆ ನೋಡಿದ.

"ಮದುವೆ ಆಗೋಣ್ವಾ ಅಂತಾನಾ? ಹಾಗಿದ್ರೆ ಆವತ್ತೂ ನಂದು ಹೂಂನೇ, ಇವತ್ತೂ ಹೂಂನೇ."

ಒಂದು ಕಾಫಿಗೆ ಕರೆದರೆ ಈ ಮಹಾರಾಯ ಎಲ್ಲಿಗೆ ಹೋಗಿ ಮುಟ್ಟಿದ! ತಿದ್ದಲು ಅವಳು ಬಾಯಿ ತೆರೆದಳು, ಹಾಗೇ ಮುಚ್ಚಿಕೊಂಡಳು. ಕುರ್ಚಿ ಎಳೆದು ಅವನ ಎಡಕ್ಕೆ ಕುಳಿತು, ಸಿಡುಕಿಕೊಂಡೇ ಹೇಳಿದಳು: "ಹೂಂ, ಅದನ್ನೇ ಕೇಳಿದ್ದು."