ರುಚಿ ಪುಸ್ತಕ ಕಳುವಾದ ಪ್ರಕರಣ

“ಕುಡಿಯೋದನ್ನ ಕದ್ದಿದ್ರೆ ನಾನು ಇಲ್ಲೀತನಕ ಬರ್ತಾನೇ ಇರ್ಲಿಲ್ಲ ಸಾರ್. ಕುಡ್ಕೊಂಡು ಹಾಳಾಗ್ಲಿ ಅಂತ ಬಿಟ್ಬಿಡ್ತಿದ್ದೆ. ಪುಸ್ತಕ ಕದ್ದಿದಾರೆ.”

ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಠಾಣೆಯ ಬರವಣಿಗೆಯನ್ನೆಲ್ಲ ಹೊತ್ತ ಹೆಡ್ ಕಾನ್‌ಸ್ಟೇಬಲ್, ಎಲ್ಲರೂ ರೈಟರ್ ಎಂದೇ ಕರೆಯುವವರು, ಪೆನ್ನಿನ ಮುಚ್ಚಳ ತೆಗೆದವರು ಹಾಗೇ ಕೈ ನಿಲ್ಲಿಸಿದರು. ವಿಸ್ಕಿ ಮಾಡುವ ಜಾಗದಿಂದ ಪುಸ್ತಕ ಕಳುವಾಯಿತೆಂಬ ದೂರು ಅವರ ಮೂವತ್ತು ವರ್ಷದ ಸರ್ವಿಸಿನಲ್ಲಿ ಇದೇ ಮೊದಲು.

“ಕತೆ ಪುಸ್ತಕಾನಾ ತಾಯಿ?”

“ರುಚಿ ಪುಸ್ತಕ.”

ದೂರು ತಂದವಳು ಊರಂಚಿನ ಸಣ್ಣ ಡಿಸ್ಟಿಲರಿಯ ಒಡತಿ. ಅಪ್ಪ ಕಟ್ಟಿದ್ದನ್ನು ಒಂಬತ್ತು ವರ್ಷದಿಂದ ನಡೆಸುತ್ತಿದ್ದಾಳೆ. ಇನ್ಸ್‌ಪೆಕ್ಟರು ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. ಅವರು ಕುಡಿಯುವವರಲ್ಲ. ಹಾಗಾಗಿ ಮೊದಲಿಂದ ಕೇಳಬೇಕಾಯಿತು, ಅವಳೂ ಮೊದಲಿಂದ ಹೇಳಿದಳು. ಅಲ್ಲಿ ಮಾಡುವುದು ಬರ್ಬನ್ ವಿಸ್ಕಿ. ಮುಸುಕಿನ ಜೋಳದ ಗಂಜಿ ಹುದುಗಿಸಿ, ಭಟ್ಟಿ ಇಳಿಸಿ, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿಸುತ್ತಾರೆ. ಒಂದೇ ದಿನ ತುಂಬಿದ ಎರಡು ಪೀಪಾಯಿಗಳು ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ. ಒಬ್ಬ ಮೆತ್ತಗೆ, ಇನ್ನೊಬ್ಬ ಸಿಡುಕ. ವರ್ಷಕ್ಕೊಮ್ಮೆ ಎಲ್ಲವನ್ನೂ ಸವಿದು, ಹೋಲಿಸಿ, ಹೊಂದಿಕೊಳ್ಳುವ ಮೂರು ನಾಲ್ಕನ್ನು ಬೆರೆಸಿ ಸ್ಮಾಲ್ ಬ್ಯಾಚ್ ಎಂದು ಹೊರಗೆ ಬಿಡುತ್ತಾರೆ. ಈ ವರ್ಷದ ಹೋಲಿಕೆ ಬರುವ ಶುಕ್ರವಾರ.

“ಒಂದೊಂದು ಪೀಪಾಯೀದೂ ಜಾತಕ ಆ ಪುಸ್ತಕದಲ್ಲಿದೆ ಸಾರ್. ಹೋಲಿಕೆಗೆ ಒಂದು ವಾರ ಮುಂಚೆ ಅದನ್ನ ಬೀರುವಿನೊಳಗೆ ಹಾಕಿ ಬೀಗ ಜಡೀತೀವಿ.”

“ಯಾಕೆ?”

“ಹಳೇದನ್ನ ಓದ್ಕೊಂಡು ಹೊಸದನ್ನ ಮೂಸಬಾರದು. ಅಪ್ಪ ಮಾಡಿದ ಕಟ್ಟುಪಾಡು. ಗ್ಲಾಸಿನ ಮೇಲೆ ನಂಬರೂ ಇರಲ್ಲ. ಮೂಗು ಏನು ಹೇಳುತ್ತೋ ಅದೇ ಸರಿ.”

“ಯಾರ ಮೂಗು?”

“ನಂದು ಚೂರು. ಮಿಕ್ಕಿದ್ದೆಲ್ಲ ಸಂಪಿಗೆ ತಾತನದು.”

ಸಂಪಿಗೆ ತಾತನೆಂದರೆ ಅಲ್ಲಿನ ಹಿರಿಯ ರುಚಿಗಾರ. ನೀಳವಾದ ಚೂಪು ಮೂಗಿಗೆ ಒಡತಿಯ ಅಪ್ಪ ಇಟ್ಟ ಅಡ್ಡಹೆಸರು. ಮೂವತ್ತೆಂಟು ವರ್ಷದಿಂದ ತಾತ ಮೂಸಿ ಹೇಳುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಪುಸ್ತಕದ ಅಕ್ಷರ ಯಾರದ್ದಾದರೂ ಮಾತು ಪೂರ್ತಿ ಅವರದು.

“ಯಾರ ಮೇಲಾದ್ರೂ ಅನುಮಾನ?”

“ಆ ದೊಡ್ಡ ಕಂಪನಿಯವರ ಮೇಲೆ. ಮಾರ್ಬಿಡಿ, ಮಾರ್ಬಿಡಿ ಅಂತ ಎರಡು ವರ್ಷದಿಂದ ಬೆನ್ನು ಬಿದ್ದಿದಾರೆ. ಅವರ ಕೈಗೆ ಹೋದ್ರೆ ಹನ್ನೊಂದು ಜನಾನೂ ಮನೆಗೆ ಕಳಿಸ್ತಾರೆ, ಎಲ್ಲ ಮಿಶಿನ್ನು. ತಾತನ ಮೂಗು ಇರೋತನಕ ನಾನು ಮಾರಲ್ಲ ಅಂತ ಹೇಳಿದೀನಿ. ಎಲ್ಲರೆದುರಿಗೇ ಹೇಳಿದೀನಿ.”

ಹನ್ನೊಂದೂ ಇಪ್ಪತ್ತಕ್ಕೆ FIR ದಾಖಲಾಯಿತು. ‘ಕಳುವಾದ ಸ್ವತ್ತು’ ಎಂಬಲ್ಲಿ ರೈಟರ್ ಬರೆದರು: ದಪ್ಪ ರಟ್ಟಿನ ಉದ್ದ ಪುಸ್ತಕ ಒಂದು, ವಿಸ್ಕಿಯ ವಾಸನೆಗಳ ವರ್ಣನೆಯುಳ್ಳದ್ದು.

ಸ್ಥಳ ಪಂಚನಾಮೆ ಮಧ್ಯಾಹ್ನ ಹನ್ನೆರಡೂವರೆಗೆ ಶುರುವಾಯಿತು. ಇನ್ಸ್‌ಪೆಕ್ಟರ ಜೊತೆ ಒಬ್ಬ ಮಹಿಳಾ ಕಾನ್‌ಸ್ಟೇಬಲ್, ಪಕ್ಕದ ಗ್ಯಾರೇಜಿನಿಂದ ಕರೆತಂದ ಇಬ್ಬರು ಪಂಚರು. ರುಚಿ ನೋಡುವ ಕೋಣೆಯಲ್ಲಿ ಬಿಳಿ ಮೇಜು, ಉತ್ತರದ ಕಿಟಕಿ, ಬುಡ ದಪ್ಪ ಬಾಯಿ ಸಣ್ಣ ಇರುವ ಗ್ಲಾಸುಗಳ ಸಾಲು, ಗೋಡೆಗೆ ಆನಿಸಿದ ಮರದ ಬೀರು. ಅಲ್ಲಿ ಯಾರೂ ಸೆಂಟು ಹಾಕಿಕೊಂಡು ಬರುವಂತಿಲ್ಲ. ಒಬ್ಬ ಪಂಚನ ತಲೆಗೆಣ್ಣೆಯ ವಾಸನೆಗೇ ಒಡತಿ ಎರಡು ಸಲ ಸೀನಿದಳು.

ಬೀರುವಿನ ಬೀಗ ಮುರಿದಿರಲಿಲ್ಲ. ಒಳಗೆ ಒಂಬತ್ತು ಪೀಪಾಯಿಗಳಿಂದ ತೆಗೆದ ಮಾದರಿ ಬಾಟಲಿಗಳು ಕೆಳಗಿನ ಹಲಗೆಯ ಮೇಲೆ ನಿಂತಿದ್ದವು. ಅವುಗಳ ಹಿಂದೆ ಪುಸ್ತಕದ ಜಾಗ ಖಾಲಿ.

“ಕಳುವಾಗಿದ್ದು ನಿಮಗೆ ಹೇಗೆ ಗೊತ್ತಾಯ್ತು?”

“ನಿನ್ನೆ ಸೋಮವಾರ ಊಟ ಮುಗಿಸ್ಕೊಂಡು ಈ ಬಾಗಿಲು ತೆಗೆದೆ ಸಾರ್. ಇಡೀ ಕೋಣೆ ಇಪ್ಪತ್ಮೂರು, ಇಪ್ಪತ್ಮೂರು ಅಂತಿತ್ತು.”

“ಅಂದ್ರೆ?”

“ಇಪ್ಪತ್ಮೂರನೇ ಪೀಪಾಯಿ ವಾಸನೆ. ಯಾವುದೋ ಬಾಟ್ಲಿ ಚೆಲ್ಲಿದೆ ಅಂತ ಬೀರು ತೆಗೆದ್ರೆ ಪುಸ್ತಕಾನೇ ಇಲ್ಲ.”

ಇನ್ಸ್‌ಪೆಕ್ಟರು ಮಂಡಿಯೂರಿ ಟಾರ್ಚು ಬಿಟ್ಟರು. ಹಲಗೆಯ ಹಿಂಬದಿಯಲ್ಲಿ ಕೈಯಗಲದ ಜಿಗುಟು ಕಲೆ. ಇಪ್ಪತ್ತಮೂರನೆಯ ಬಾಟಲಿಯಲ್ಲಿ ಎರಡು ಬೆರಳಿನಷ್ಟು ಕಡಿಮೆ. ಆದರೆ ಬಾಟಲಿ ನೆಟ್ಟಗೆ ನಿಂತಿತ್ತು, ಬಿರಡೆ ಗಟ್ಟಿಯಾಗಿ ಒತ್ತಿತ್ತು, ಚೀಟಿ ಮುಂದಕ್ಕೆ ತಿರುಗಿತ್ತು. ಇಪ್ಪತ್ತೊಂದರ ಪಕ್ಕ ಇಪ್ಪತ್ತಮೂರು, ಅದರ ಪಕ್ಕ ಇಪ್ಪತ್ತಾರು. ಕ್ರಮ ತಪ್ಪಿರಲಿಲ್ಲ.

“ಇಷ್ಟು ನೀಟಾಗಿ ಜೋಡಿಸಿ ಹೋದೋನು ಚೆಲ್ಲಿದ್ದನ್ನ ಯಾಕೆ ಒರೆಸಿಲ್ಲ ಸಾರ್?” ಎಂದಳು ಕಾನ್‌ಸ್ಟೇಬಲ್.

“ಕತ್ತಲೆ ಮೂಲೆ. ಕಂಡಿರಲ್ಲ.”

“ಕಾಣ್ದಿದ್ರೇನು ಸಾರ್! ಮಾರನೇ ದಿನ ಬಂದು ನಿಂತಿರೋ ನನಗೇ ತಲೆ ತಿರುಗ್ತಿದೆ. ಮೂಗಿರೋರಿಗೆ ಗೊತ್ತಾಗಲ್ವಾ?”

ಇನ್ಸ್‌ಪೆಕ್ಟರು ಅವಳ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಆ ಮಾತನ್ನು ತಮ್ಮ ಪುಟ್ಟ ಡೈರಿಯಲ್ಲಿ ಬರೆದು ಅಡಿಗೆರೆ ಎಳೆದರು.

“ಕೀ ಎಷ್ಟಿವೆ?” ಒಡತಿಯನ್ನು ಕೇಳಿದರು.

“ಒಂದೇ. ನನ್ನ ಹತ್ರಾನೇ ಇರುತ್ತೆ.”

“ಬೀರು ಕೊಂಡಾಗ ಎರಡು ಕೊಟ್ಟಿರ್ತಾರೆ.”

“ಇನ್ನೊಂದು ಎಲ್ಲೋ ಬಿದ್ದೋಯ್ತು ಅಂತಿದ್ರು ಅಪ್ಪ.”

“ತಾತ ಎಲ್ಲಿ?”

“ನಿನ್ನೆ ಮಧ್ಯಾಹ್ನ ಮೊಣಕಾಲು ನೋವು ಅಂತ ಮನೆಗೆ ಹೋದ್ರು. ಪುಸ್ತಕದ ವಿಷಯ ಇನ್ನೂ ಹೇಳಿಲ್ಲ ಸಾರ್. ಎದೆ ಒಡ್ಕೋತಾರೆ.”

ಬುಧವಾರ ಬೆಳಿಗ್ಗೆ ಕಂಪನಿಯ ಪ್ರತಿನಿಧಿಯ ವಿಚಾರಣೆ ಆಯಿತು. ಸೋಮವಾರ ಅವನು ಬೇರೆ ಊರಲ್ಲಿದ್ದ. ಅಲ್ಲಿನ ಹೋಟೆಲಿನವರು ಫೋನಿನಲ್ಲೇ ಖಚಿತಪಡಿಸಿ, ಆತ ಎರಡು ಟವೆಲ್ ಹೊತ್ತುಕೊಂಡು ಹೋಗಿದ್ದಾನೆಂದು ತಮ್ಮದೊಂದು ದೂರನ್ನೂ ಸೇರಿಸಿದರು. ಹನ್ನೊಂದು ಗಂಟೆಗೆ ಪೀಪಾಯಿ ಕಟ್ಟುವ ಮೇಸ್ತ್ರಿಯ ಸರದಿ. ಅವನು ಸುತ್ತಿಗೆ ಕೆಳಗಿಡದೆಯೇ ಉತ್ತರ ಕೊಟ್ಟ.

“ಸೋಮವಾರ ಊಟದ ಹೊತ್ತಲ್ಲಿ ಏನ್ಮಾಡ್ತಿದ್ದೆ?”

“ಊಟ ಮಾಡ್ತಿದ್ದೆ ಸಾರ್.”

“ಎಲ್ಲರೂ ಇದ್ರಾ?”

“ತಾತ ಒಬ್ರು ಇರ್ಲಿಲ್ಲ. ಅವರು ಎರಡು ತಿಂಗಳಿಂದ ನಮ್ಮ ಜೊತೆ ಕೂರಲ್ಲ. ಮುಂಚೆ ನಾನು ಡಬ್ಬಿ ಮುಚ್ಚಳ ತೆಗೆದ್ರೆ ಸಾಕು, ಆ ತುದಿಯಿಂದ ‘ಏನಪ್ಪಾ, ನಿನ್ನ ಹೆಂಡ್ತಿ ಇವತ್ತೂ ಈರುಳ್ಳಿ ಸೀಯಿಸಿದಾಳೆ’ ಅನ್ನೋರು. ಈಗ ಏನೂ ಅನ್ನಲ್ಲ.”

“ಯಾಕಿರಬಹುದು?”

“ಹೆಂಡ್ತಿ ಅಡುಗೆ ಸುಧಾರಿಸ್ತು ಅನ್ಕೊಂಡಿದ್ದೆ ಸಾರ್. ಆದ್ರೆ ತಿನ್ನೋನು ನಾನಲ್ವಾ? ಸುಧಾರಿಸಿಲ್ಲ.”

ಮೂರೂವರೆಗೆ ಜೀಪು ಸಂಪಿಗೆ ತಾತನ ಮನೆ ಮುಂದೆ ನಿಂತಿತು. ಎರಡೇ ಕೋಣೆಯ ಮನೆ, ಹಸಿರು ಬಾಗಿಲು. ತೆರೆದವರು ತಾತನ ಹೆಂಡತಿ. ಪೊಲೀಸರನ್ನು ಕಂಡು ಬೆದರಿದವರಲ್ಲ, ಮಾತಿಗೆ ಜನ ಸಿಕ್ಕರೆಂದು ಹಿಗ್ಗಿದವರು.

“ಬನ್ನಿ, ಬನ್ನಿ. ಈ ಮನುಷ್ಯನ್ನ ನೀವಾದ್ರೂ ವಿಚಾರಿಸಿ. ನಾನು ಬಟ್ಟೆ ಒಣಗಿಸೋಕೆ ಹೋಗಿದೀನಿ, ಸ್ಟೋವ್ ಮೇಲೆ ಹಾಲು ಸೀದು ಪಾತ್ರೆ ಕರ್ರಗಾಗಿದೆ, ಇವರು ಪಕ್ಕದಲ್ಲೇ ಕೂತ್ಕೊಂಡು ಬಾಯಿಪಾಠ ಮಾಡ್ತಿದಾರೆ! ಈ ವಯಸ್ಸಲ್ಲಿ ಯಾವ ಪರೀಕ್ಷೆ ಕಟ್ಟಿದಾರೋ ಕೇಳಿ.”

ಒಳಗೆ ಹೆಜ್ಜೆ ಇಟ್ಟ ಕಾನ್‌ಸ್ಟೇಬಲ್ ಗಕ್ಕನೆ ನಿಂತು ಇನ್ಸ್‌ಪೆಕ್ಟರ ಕಡೆ ನೋಡಿದಳು. ಅವರಿಗೂ ಬಡಿದಿತ್ತು. ಸುಟ್ಟ ಸಕ್ಕರೆ, ಹಸಿ ಮರ, ಏನೋ ಹಣ್ಣು. ಬೀರುವಿನ ಮುಂದೆ ಬಂದಿದ್ದ ಅದೇ ವಾಸನೆ.

“ಮನೇಲಿ ಯಾವಾಗ್ಲೂ ಹೀಗೇ ವಾಸನೆ ಇರುತ್ತಾ ಅಜ್ಜಿ?” ಕಾನ್‌ಸ್ಟೇಬಲ್ ಮೆಲ್ಲಗೆ ಕೇಳಿದಳು.

“ಅವರು ಬಂದ ಮೇಲೆ ಇದ್ದಿದ್ದೇ ಕಣಮ್ಮ. ಈ ಎರಡು ದಿನದಿಂದ ಜಾಸ್ತಿ.”

ತಾತ ಕಿಟಕಿ ಪಕ್ಕದ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ತೆಳ್ಳನೆಯ ಮೈ, ಒಗೆದ ಬಿಳಿ ಅಂಗಿ, ಹೆಸರಿಗೆ ತಕ್ಕ ಮೂಗು, ಅದರ ಮೇಲೆ ಕನ್ನಡಕ.

“ಮೊಣಕಾಲು ಹೇಗಿದೆ?”

“ಹೀಗೇ ಇದೆ.”

“ರುಚಿ ಪುಸ್ತಕ ಕಳುವಾಗಿದೆ. ಗೊತ್ತಾ?”

“ಅಯ್ಯೋ! ಹೌದಾ? ಯಾವಾಗ?”

“ಸೋಮವಾರ ಊಟದ ಹೊತ್ತಲ್ಲಿ. ನೀವೆಲ್ಲಿದ್ರಿ?”

“ಗೋದಾಮಿನಲ್ಲಿ. ಪೀಪಾಯಿ ನೋಡ್ತಿದ್ದೆ.”

“ಯಾರಾದ್ರೂ ಕಂಡ್ರಾ?”

“ಪೀಪಾಯಿಗಳು ಕಂಡವು.”

ಇನ್ಸ್‌ಪೆಕ್ಟರಿಗೆ ನಗು ಬಂತು. ತಡೆದುಕೊಂಡರು. ವಾಸನೆ ಬರುತ್ತಿದ್ದುದು ತಾತ ಒರಗಿದ್ದ ದಿಂಬಿನ ಕೆಳಗಿನಿಂದ. ಕಳ್ಳರನ್ನು ಅವರು ಬಹಳ ನೋಡಿದ್ದರು. ಕದ್ದ ಮಾಲು ಮಗ್ಗುಲಲ್ಲೇ ಕೂಗಿ ಕರೆಯುತ್ತಿದ್ದರೂ ಇಷ್ಟು ನಿರಾಳವಾಗಿ ಕೂತವರನ್ನು ನೋಡಿರಲಿಲ್ಲ.

“ತಾತ, ಈ ಕೋಣೆಯಲ್ಲಿ ಏನಾದ್ರೂ ವಾಸನೆ ಬರ್ತಿದೆಯಾ?”

ತಾತ ತಲೆಯೆತ್ತಿ ಮೂಗರಳಿಸಿ ಉದ್ದ ಉಸಿರೆಳೆದರು. ಕಣ್ಣು ಅರ್ಧ ಮುಚ್ಚಿ, ತೂಗಿ ನೋಡುವವರ ಹಾಗೆ. “ಹಾಲು ಸೀದಿದ್ದು. ಇವಳು ಬೈದಳಲ್ಲ.”

“ಪಾತ್ರೆ ಆಗ್ಲೇ ಬೆಳಗಿ ಆಯ್ತು” ಎಂದರು ಅಜ್ಜಿ.

ತಾತ ಹೆಂಡತಿಯ ಮುಖ ನೋಡಿದರು, ಕಾನ್‌ಸ್ಟೇಬಲ್ ಮುಖ ನೋಡಿದರು. ಆಮೇಲೆ ನಿಧಾನವಾಗಿ ಕೈ ಹಿಂದೆ ಹಾಕಿ ದಿಂಬು ಮುಟ್ಟಿದರು.

“ಬರ್ತಿದೆಯಾ ಸಾರ್? ಇದರ ವಾಸನೆ ಬರ್ತಿದೆಯಾ?”

“ಬಾಗಿಲಿಂದಲೇ ಬರ್ತಿದೆ ತಾತ.”

“ಫ್ಯಾನಿನ ಕೆಳಗೆ ಒಣಗಿಸಿದ್ನಲ್ಲ” ಎಂದರು ತಾತ. “ಹೋಗಿದೆ ಅನ್ಕೊಂಡೆ.”

ದಿಂಬಿನ ಕೆಳಗೆ ಪುಸ್ತಕ, ಪುಸ್ತಕದೊಳಗೆ ಗುರುತಿಗಿಟ್ಟ ಬೀರುವಿನ ಎರಡನೆಯ ಕೀ. ಕೆಳಮೂಲೆ ನೆನೆದು ಒಣಗಿ ಹಾಳೆಗಳು ಉಬ್ಬಿದ್ದವು. ಪಂಚರಾಗಿ ಎದುರುಮನೆಯ ದರ್ಜಿಯನ್ನೂ ಅವನ ಗಿರಾಕಿಯನ್ನೂ ಕರೆದು ಜಪ್ತಿ ಪಂಚನಾಮೆ ಬರೆದಾಗ ನಾಲ್ಕೂ ಹತ್ತು. ತಾತ ಏನನ್ನೂ ಮುಚ್ಚಿಡಲಿಲ್ಲ. ಪುಸ್ತಕ ಎಳೆಯುವಾಗ ಮುಂದಿದ್ದ ಬಾಟಲಿ ಉರುಳಿ ಚೆಲ್ಲಿತ್ತು, ಎತ್ತಿ ನಿಲ್ಲಿಸಿ ಬಿರಡೆ ಒತ್ತಿದ್ದರು. ಎರಡು ತಿಂಗಳ ಹಿಂದೆ ಬಂದ ಜ್ವರ ನಾಲ್ಕೇ ದಿನಕ್ಕೆ ಬಿಟ್ಟಿತು. ಹೋಗುವಾಗ ಮೂಗಿನ ಕೆಲಸವನ್ನೂ ಜೊತೆಗೆ ಕಟ್ಟಿಕೊಂಡು ಹೋಯಿತು. ವಾಸನೆ ಮರಳಿ ಬರಬಹುದು ಅಂದರು ಡಾಕ್ಟರು, ಬರದೆಯೂ ಇರಬಹುದು ಅಂದರು.

“ನಾಲಿಗೆ ಇದೆ ಸಾರ್. ಎಷ್ಟು ಸುಡುತ್ತೆ, ಗಂಟಲಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ, ಅದು ತಿಳಿಯುತ್ತೆ. ಪುಸ್ತಕ ಒಂದ್ಸಲ ಓದ್ಕೊಂಡ್ರೆ ಅಷ್ಟರಲ್ಲೇ ಯಾವ ಪೀಪಾಯಿ ಅಂತ ಹಿಡಿದು, ವಾಸನೆ ಬಾಯಿಪಾಠ ಒಪ್ಪಿಸಬಹುದಿತ್ತು. ಗುರುವಾರ ಸಂಜೆ ವಾಪಸ್ ಇಡ್ತಿದ್ದೆ.”

“ಒಡತಿ ಹತ್ರ ನೇರ ಹೇಳಬಹುದಿತ್ತಲ್ಲ?”

“ನನ್ನ ಮೂಗು ಇರೋತನಕ ಮಾರಲ್ಲ ಅಂದಿದಾಳೆ ಆ ಮಗು. ಇಲ್ಲ ಅಂತ ಹೇಗೆ ಹೇಳ್ಲಿ?”

ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ಕೇಳುತ್ತಿದ್ದರು. “ಎರಡು ತಿಂಗಳಿಂದ ನನ್ನ ಸಾರನ್ನ ಘಮ್ ಅಂತಿದೆ ಅಂತ ಹೊಗಳಿದ್ರಲ್ಲ. ಎಲ್ಲ ಸುಳ್ಳಾ?”

“ಅದು ನೆನಪಿಂದ ಹೇಳಿದ್ದು ಕಣೇ.”

ನಾಲ್ಕೂ ಇಪ್ಪತ್ತಕ್ಕೆ ತಾತನ ದಸ್ತಗಿರಿ ಆಯಿತು. ಕಾನ್‌ಸ್ಟೇಬಲ್ ಅವರನ್ನು ಜೀಪಿನ ಮುಂದಿನ ಸೀಟಿಗೆ ಕೈ ಹಿಡಿದು ಹತ್ತಿಸಿದಳು. ಮೊಣಕಾಲು ನೋವು ಮಾತ್ರ ಸುಳ್ಳಾಗಿರಲಿಲ್ಲ.

ಠಾಣೆಗೆ ಒಡತಿ ಬಂದಾಗ ಐದು ಗಂಟೆ. ಬೆಂಚಿನ ಮೇಲೆ ಕೂತ ತಾತನನ್ನು ನೋಡಿ, ಕಳ್ಳನನ್ನು ಗುರುತಿಸಲು ಅವರನ್ನೂ ಕರೆಸಿದ್ದಾರೆಂದು ತಿಳಿದು, “ಯಾರಂತೆ ತಾತ?” ಎಂದು ಪಕ್ಕದಲ್ಲೇ ಕೂತಳು. ಇನ್ಸ್‌ಪೆಕ್ಟರೇ ಹೇಳಬೇಕಾಯಿತು. ಅವಳು ತನ್ನ ಬೀಗದ ಕೈಗೊಂಚಲನ್ನು ತಿರುಗಿಸುತ್ತ ಕೂತಳು. ಎದ್ದು ಹೋಗಲಿಲ್ಲ.

“ಎರಡನೇ ಕೀ?” ಎಂದಳು ಕೊನೆಗೆ.

“ನಿಮ್ಮಪ್ಪ ಕೊಟ್ಟಿದ್ದು. ನಿನಗೇನಾದ್ರೂ ಆದ್ರೆ ಇರ್ಲಿ ಅಂತ. ಇಷ್ಟು ವರ್ಷ ಮುಟ್ಟಿರ್ಲಿಲ್ಲ ಮಗು.”

ಇತ್ತ ರೈಟರಿಗೆ ಜಪ್ತಿಯಾದ ಪುಸ್ತಕದ ಪುಟಗಳನ್ನು ತಾಳೆ ನೋಡುವ ಕೆಲಸ. ಏನು ಬರೆದಿದೆಯೆಂದು ಷರಾ ಹಾಕಬೇಕಲ್ಲ ಎಂದು ಒಂದು ಪುಟ ಗಟ್ಟಿಯಾಗಿ ಓದಿದರು: “‘ಮೊದಲು ಬಡಗಿಯ ಅಂಗಡಿ. ಆಮೇಲೆ ಹೊಸ ಚಪ್ಪಲಿ. ಗ್ಲಾಸು ಖಾಲಿಯಾದ ಮೇಲೆ ಯಾರೋ ಪಕ್ಕದ ಮನೆಯಲ್ಲಿ ಕೇಕು ಸುಡುತ್ತಿದ್ದಾರೆ.’ ಇದೇನು ತಾಯಿ, ವಿಸ್ಕಿನಾ, ಬೀದಿನಾ?”

“ಹದಿನಾಲ್ಕು” ಎಂದರು ತಾತ ಬೆಂಚಿನಿಂದ. “ಮೂರನೇ ವರ್ಷದ್ದು.”

ರೈಟರ್ ಪುಟದ ತಲೆ ನೋಡಿದರು. ಹದಿನಾಲ್ಕು. ಮೂರನೇ ವರ್ಷ. ಬೇಕೆಂದೇ ಹತ್ತಿಪ್ಪತ್ತು ಹಾಳೆ ಹಾರಿಸಿ ಇನ್ನೊಂದು ಓದಿದರು. ಅದೂ ಸರಿ. ಮತ್ತೊಂದು ಓದುವಷ್ಟರಲ್ಲಿ ಲಾಕಪ್ಪಿನ ಕಾವಲಿನವನೂ ಬಂದು ನಿಂತಿದ್ದ.

ಒಡತಿ ಎದ್ದು ಮೇಜಿನ ಹತ್ತಿರ ಹೋದಳು. “ಮುಟ್ಟಲ್ಲ ಸಾರ್, ಬಗ್ಗಿ ಮೂಸ್ತೀನಿ ಅಷ್ಟೆ.” ಉಬ್ಬಿದ ಮೂಲೆಯ ಮೇಲೆ ಬಗ್ಗಿ ಕಣ್ಣು ಮುಚ್ಚಿದಳು. “ತಾತ, ಒಣಗಿದ ಚೆರ್ರಿ ಇದೆ. ಸುಟ್ಟ ಸಕ್ಕರೆ. ಅದರ ಹಿಂದೆ... ಸೀಮೆಸುಣ್ಣದ ಡಬ್ಬ.”

“ಸ್ಲೇಟು” ಎಂದರು ತಾತ. “ಒದ್ದೆ ಬಟ್ಟೇಲಿ ಒರೆಸಿದ ಸ್ಲೇಟು. ಇಪ್ಪತ್ಮೂರು. ಆದ್ರೆ ಚೆರ್ರಿ ಹೋದ ವರ್ಷ ಇರ್ಲಿಲ್ಲ. ಈಗ ಬಂದಿದ್ರೆ ಅದು ಹಣ್ಣಾಗಿದೆ, ಈ ವರ್ಷವೇ ತೆಗೀಬೇಕು.”

“ನೋಡಿದ್ರಾ ಸಾರ್?” ಒಡತಿ ಇನ್ಸ್‌ಪೆಕ್ಟರ ಕಡೆ ತಿರುಗಿದಳು. “ನನ್ನ ಮೂಗಿಗೆ ತಿಳಿಯುತ್ತೆ, ಹೇಳೋಕೆ ಬರಲ್ಲ. ಶುಕ್ರವಾರ ನಾನು ಮೂಸ್ತೀನಿ, ಇವರು ಕೇಳ್ತಾರೆ. ಮಾರೋ ಮಾತೇ ಇಲ್ಲ. ದೂರು ವಾಪಸ್ ತಗೋತೀನಿ.”

“ಹಾಗೆ ಹರಿದು ಬಿಸಾಕೋಕೆ ಆಗಲ್ಲ ತಾಯಿ” ಎಂದರು ಇನ್ಸ್‌ಪೆಕ್ಟರು. “ನಾಳೆ ಕೋರ್ಟಿಗೆ ಹಾಜರುಪಡಿಸ್ತೀವಿ. ನೀವು ಬಂದು ಇದೇ ಮಾತು ಅಲ್ಲಿ ಹೇಳಿ. ಜಾಮೀನು ಸಿಗಬಹುದು. ಜಾಮೀನಿಗೆ ಯಾರಿದಾರೆ?”

“ಹತ್ತು ಜನ ಹೊರಗೆ ನಿಂತಿದಾರೆ ಸಾರ್. ಮೇಸ್ತ್ರಿ ಸುತ್ತಿಗೆ ಹಿಡ್ಕೊಂಡೇ ಬಂದಿದಾನೆ.”

ಇನ್ಸ್‌ಪೆಕ್ಟರು ಕೇಸ್ ಡೈರಿ ತೆರೆದು ಆ ದಿನದ ಕೊನೆಯ ನಮೂದು ಬರೆದರು: ಆರೋಪಿಯು ತನ್ನ ಘ್ರಾಣಶಕ್ತಿ ಹೋದದ್ದು ತಿಳಿದಲ್ಲಿ ಡಿಸ್ಟಿಲರಿ ಮಾರಾಟವಾಗಿ ಸಹೋದ್ಯೋಗಿಗಳ ಕೆಲಸ ಹೋಗಬಹುದೆಂದು ಭಯಪಟ್ಟು, ತಾನೇ ಹೇಳಿ ಬರೆಸಿದ ಪುಸ್ತಕವನ್ನು ಓದುವ ಸಲುವಾಗಿ ಕಳವು ಮಾಡಿರುತ್ತಾನೆ. ಬರೆದು, ಒಮ್ಮೆ ಓದಿ, ‘ಮಾಡಿರುತ್ತಾನೆ’ ಎಂಬುದನ್ನು ಹೊಡೆದು ‘ಮಾಡಿರುತ್ತಾರೆ’ ಎಂದು ತಿದ್ದಿದರು.

“ತಾತ, ಟೀ ಕುಡೀತೀರಾ?” ಕಾನ್‌ಸ್ಟೇಬಲ್ ಕೇಳಿದಳು.

“ಬಿಸಿಯಿದ್ರೆ ಕೊಡಮ್ಮ.”

ಅವಳು ಗ್ಲಾಸು ತಂದು ಕೈಗಿತ್ತಳು. ತಾತ ಅದನ್ನು ಮೂವತ್ತೆಂಟು ವರ್ಷದ ಅಭ್ಯಾಸದಂತೆ ಮೊದಲು ಮೂಗಿನ ಬಳಿ ತಂದು, ಎರಡು ಸಲ ತಿರುಗಿಸಿ, ಉಸಿರೆಳೆದರು. ರೈಟರ ಪೆನ್ನು ನಿಂತಿತು. ಹಬೆ ತಾತನ ಕನ್ನಡಕವನ್ನು ಪೂರ್ತಿ ಮಂಜು ಮಾಡಿತು. ಒಡತಿ ಕೈ ಚಾಚಿ ಕನ್ನಡಕ ತೆಗೆದು, ತನ್ನ ತೋಳಿನ ಬಟ್ಟೆಯಿಂದ ಒರೆಸಿ, ಮತ್ತೆ ಅವರ ಮೂಗಿನ ಮೇಲೆ ಕೂರಿಸಿದಳು.