ಕೌಸಲ್ಯಾಬಾಯಿ ಮನೆಗೆ ಬಂದ ಅತಿಥಿ

"ಈ ಫ್ರಿಜ್ ನಿಮ್ದೇನ್ರಿ, ಅಮ್ಮಾ?"

ಕ್ಯಾಲೆಬ ಕೇಳಿದ ಈ ಒಂದು ಪ್ರಶ್ನೆಗೆ ಬಾಗಿಲಲ್ಲಿ ನಿಂತಿದ್ದ ಸಪನಾಳ ಎದೆ ಧಸಕ್ಕೆಂದಿತು.

"ಹೌದ್ರಿ ಸಾಹೇಬ್ರ, ನಮ್ದೇ ಅದ," ಎಂದಳು ಕೌಸಲ್ಯಾಬಾಯಿ, ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತಾ. ಆ ಮುಖದ ಹೆಮ್ಮೆ ನೋಡಿ ಸಪನಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಫ್ರಿಜ್ ಪಕ್ಕದ ಮನೆಯ ಹಾವಗೆಪ್ಪನದು! ಬೆಳಗ್ಗೆ ನಾಲ್ಕು ಜನ ಸೇರಿ ಹೊತ್ತು ತಂದಿದ್ದರು. ಸೋಫಾ ಪಂಚಾಯ್ತಿ ಮೆಂಬರ್ ಮನೆಯದು. ಬಿರುಕು ಬಿಟ್ಟ ಗೋಡೆಯ ಮೇಲೆ ಹೊಸ ಚಾದರ ಇಳಿಬಿಟ್ಟಿದ್ದರು. ಎಕಂಬಾ ಊರಿನಲ್ಲಿ ನೆರವಿಗೆ ಅರ್ಜಿ ಹಾಕಿದ ಹನ್ನೊಂದು ಮನೆಗಳಲ್ಲೂ ಇದೇ ಸಂಭ್ರಮ. ಬೀದರಿನಿಂದ ದೊಡ್ಡ ಅತಿಥಿ ಬರುತ್ತಾರೆ ಎಂದರೆ ಖಾಲಿ ಮನೆ ತೋರಿಸುವುದುಂಟೇ?

ಆದರೆ ಆ ಅತಿಥಿ ಬಂದದ್ದೇ ಮನೆ ಎಷ್ಟು ಖಾಲಿ ಇದೆ ಎಂದು ನೋಡಲಿಕ್ಕೆ. ಇದನ್ನು ಎಕಂಬಾದವರಿಗೆ ಯಾರು ಹೇಳಬೇಕು?

ಹೇಳಬೇಕಾದವಳು ಸಪನಾಳೇ. ಆದರೆ ಅವಳು ಊರಿಗೆ ಬರುವಷ್ಟರಲ್ಲಿ ಎಲ್ಲ ಜೋಡಿಸಿ ಆಗಿತ್ತು. ಔರಾದ್‌ನಲ್ಲಿ 'ಹೊಸಿಲು' ಎಂಬ ಪುಟ್ಟ ಸಂಸ್ಥೆ ಅವಳದು. ಮೂರೇ ಜನ, ಒಂದು ಬಾಡಿಗೆ ಕೋಣೆ, ಆಗಾಗ ಮುನಿಸಿಕೊಳ್ಳುವ ಒಂದು ಪ್ರಿಂಟರ್. ಬಡವರಿಗೆ ಮನೆ ಕಟ್ಟಿಕೊಡುವ ಸಣ್ಣ ಸಂಸ್ಥೆಗಳಿಗೆ ನೆರವು ಕೊಡುವ ಪ್ರತಿಷ್ಠಾನವೊಂದು ಬೀದರಿನಲ್ಲಿ ಕಚೇರಿ ತೆರೆದಿದೆ ಎಂದು ಕೇಳಿದಾಗಿನಿಂದ ಅವಳು ನೋಂದಣಿ, ಆಡಿಟ್, ಜಾಗದ ಕಾಗದ ಅಂತ ಓಡಾಡಿ ಚಪ್ಪಲಿ ಸವೆಸಿದ್ದಳು. ಕಳೆದ ಮಳೆಗಾಲದಲ್ಲಿ ಕೌಸಲ್ಯಾಬಾಯಿಯ ಹಿಂದಿನ ಗೋಡೆ ಕುಸಿದಿತ್ತು. ಇನ್ನೊಂದು ಮಳೆಗಾಲವನ್ನು ಈ ಹನ್ನೊಂದು ಮನೆಗಳು ತಡೆಯಲಾರವು.

ಪ್ರತಿಷ್ಠಾನದ ನಿಯಮ ಕಟ್ಟುನಿಟ್ಟು. ಫ್ರಿಜ್, ಸೋಫಾ ಇರುವ ಮನೆಗೆ ನೆರವಿಲ್ಲ. ಒಂದು ಮನೆಯ ಮಾಹಿತಿ ಸುಳ್ಳಾದರೂ ಇಡೀ ಊರಿನ ಅರ್ಜಿ ತಿರಸ್ಕಾರ. ಅದನ್ನು ಪರಿಶೀಲಿಸಲು ಬಂದವನೇ ಕ್ಯಾಲೆಬ.

ಒಂದು ತಿಂಗಳಿಂದ ಅವಳು ಅವನ ದನಿಯನ್ನಷ್ಟೇ ಕೇಳಿದ್ದಳು. ಅರ್ಜಿ ಹೇಗೆ ತುಂಬಬೇಕು, ಯಾವ ಕಾಗದ ಎಲ್ಲಿ ಸಿಗುತ್ತದೆ ಎಂದು ಫೋನಿನಲ್ಲಿ ತಾಳ್ಮೆಯಿಂದ ಹೇಳುತ್ತಿದ್ದ. ಬರುಬರುತ್ತಾ ಕಾಗದದ ಮಾತು ಮುಗಿದ ಮೇಲೂ ಫೋನು ಮುಗಿಯುತ್ತಿರಲಿಲ್ಲ. 'ಊಟ ಆಯ್ತೇನ್ರಿ?' ಎಂಬ ಅವನ ಕೊನೆಯ ಮಾತಿಗೆ ತಾನು ಕಾಯುತ್ತೇನೆ ಎಂಬುದನ್ನು ಸಪನಾ ಯಾರಿಗೂ ಹೇಳಿರಲಿಲ್ಲ... ತನಗೂ ಹೇಳಿಕೊಂಡಿರಲಿಲ್ಲ.

ಇವತ್ತು ಮೊದಲ ಸಲ ಕಣ್ಣೆದುರು ಬಂದಿದ್ದಾನೆ. ಎತ್ತರದ ಆಳು, ಶಾಂತ ಕಣ್ಣು. ಹೊಸಿಲ ಹೊರಗೇ ಬೂಟು ಬಿಚ್ಚಿಟ್ಟು ಒಳಬಂದ. ಕೌಸಲ್ಯಾಬಾಯಿ ಕೊಟ್ಟ ಮಂಡಕ್ಕಿಯ ಸುಸಲಾ ತಿಂದು, "ಇನ್ನಷ್ಟು ಹಾಕ್ರಿ ಅಮ್ಮಾ" ಎಂದು ತಟ್ಟೆ ಚಾಚಿದ. ಸಪನಾಗೆ ಒಳಗೊಳಗೇ ಖುಷಿ.

ಅಷ್ಟರಲ್ಲಿ ಅವನು ಪೆನ್ನು ತೆಗೆದು ಬರೆಯತೊಡಗಿದ.

*ಮುಗೀತು... ಬರೆದೇ ಬಿಟ್ಟ.*

ಎದುರಿಗೇ ನಿಜ ಹೇಳಿದರೆ ಕೌಸಲ್ಯಾಬಾಯಿಯ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಹನ್ನೊಂದು ಮನೆ ಹೋಗುತ್ತವೆ.

ಅವನು ಬೈಕಿನ ಹತ್ತಿರ ಬರುವ ತನಕ ಹೇಗೋ ತಡೆದುಕೊಂಡಳು.

"ಏನ್ ಬರ್ಕೊಂಡ್ರಿ?"

"ಅದು ಹೇಳ್ಲಿಕ್ಕ ಬರಂಗಿಲ್ರಿ."

"ಆ ಫ್ರಿಜ್ ಅವರದಲ್ಲ. ಮನಿಗೆ ದೊಡ್ಡ ಪಾವಣ್ಯಾರ ಬರ್ತಾರಂತ ಪಕ್ಕದ ಮನಿಯಿಂದ ತಂದಿಟ್ಟಾರ. ನಿಮ್ಮ ಮ್ಯಾಲಿನ ಗೌರವಕ್ಕ ಮಾಡ್ಯಾರ್ರಿ."

ಕ್ಯಾಲೆಬ ಬರೆದ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿದ.

ಅದನ್ನು ನೋಡಿ ಅವಳ ಸಿಟ್ಟು ನೆತ್ತಿಗೇರಿತು. "ಬಡವರು ಹರಕ ಸೀರಿ ಉಟ್ಟು ಅಳ್ಕೋತ ನಿಂತ್ರನೇ ನಿಮಗ ನಂಬಿಕಿ ಬರ್ತದೇನು? ಜರಾ ಚಂದ ಕಂಡ್ರ ಅವರ ಗ್ವಾಡಿ ಬಿದ್ದಿದ್ದು ಸುಳ್ಳಾಗ್ತದೇನು? ಫೋನಿನ್ಯಾಗ ಮಾತಾಡ್ತಿದ್ದವರು ಬ್ಯಾರೇನೇ ಇದ್ರು ಬಿಡ್ರಿ."

ಕ್ಯಾಲೆಬ ಅವಳನ್ನೇ ನೋಡಿದ. ಅವನ ನೋಟದಲ್ಲಿ ಕೋಪವಿರಲಿಲ್ಲ.

"ನಿಮ್ಮ ಮಾತು ತಿಳೀತ್ರಿ. ಹೋಗಿ ಬರ್ತೇನಿ," ಎಂದಷ್ಟೇ ಹೇಳಿ ಬೈಕ್ ಹತ್ತಿದ.

ಮರುದಿನ ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾಚಿಕೆ ಬಿಟ್ಟು ಅವಳೇ ಮಾಡಿದಳು. ಎತ್ತಲಿಲ್ಲ. ಸಂಜೆ ಒಂದು ಸಂದೇಶ ಬಂತು: 'ಆ ಕಡತ ಈಗ ನನ್ನ ಬಳಿ ಇಲ್ಲ. ಕ್ಷಮಿಸಿ.'

ಅಷ್ಟೇ... 'ಊಟ ಆಯ್ತೇನ್ರಿ' ಕೂಡ ಇಲ್ಲ.

ಕೈತೊಳೆದುಕೊಂಡುಬಿಟ್ಟ ಎಂದುಕೊಂಡಳು ಸಪನಾ. ಸಿಟ್ಟಿನಲ್ಲಿ ಅವನ ನಂಬರ್ ಅಳಿಸಿದಳು. ಅದು ಬಾಯಿಪಾಠವಾಗಿತ್ತು ಎಂಬುದು ಆಮೇಲೆ ನೆನಪಾಯಿತು. ಬೇರೆ ಯಾವ ಸಂಸ್ಥೆ ನೆರವು ಕೊಡುತ್ತದೆ ಎಂದು ಹುಡುಕಿ ಇನ್ನೂ ಎರಡು ಅರ್ಜಿ ಬರೆದಳು. ಒಂದಕ್ಕೆ ಗಡುವು ಮುಗಿದಿತ್ತು, ಇನ್ನೊಂದು ದೊಡ್ಡ ಸಂಸ್ಥೆಗಳಿಗೆ ಮಾತ್ರ.

ಎರಡು ವಾರ ಕಳೆದು, ಯಾವ ಸೂಚನೆಯೂ ಇಲ್ಲದೆ, ಅದೇ ಪ್ರತಿಷ್ಠಾನದ ಇನ್ನೊಬ್ಬ ಪರಿಶೀಲಕಿ ಮರ್ಸಿ ಎಕಂಬಾಕ್ಕೆ ಬಂದಿಳಿದರು. ಫ್ರಿಜ್ ಹಾವಗೆಪ್ಪನ ಮನೆಗೆ ಹೋಗಿತ್ತು, ಚಾದರ ಪೆಟ್ಟಿಗೆ ಸೇರಿತ್ತು. ಗೋಣಿತಟ್ಟು ಹೊದಿಸಿದ, ಕುಸಿದ ಹಿಂದಿನ ಗೋಡೆಯ ಪಕ್ಕದಲ್ಲಿ ಕೌಸಲ್ಯಾಬಾಯಿ ರೊಟ್ಟಿ ಬಡಿಯುತ್ತಿದ್ದಳು.

"ಹೇಳಿ ಬರಬಾರದೇನವ್ವಾ," ಎಂದು ಅವಳು ಸಂಕೋಚದಿಂದ ಕುಗ್ಗಿದರೆ, ಮರ್ಸಿ ನೆಲದ ಮೇಲೇ ಕೂತು, "ಬಿಸಿ ರೊಟ್ಟಿ ಕೊಡ್ರಿ, ಸಾಕು," ಎಂದರು. ಹನ್ನೊಂದು ಮನೆ ಸುತ್ತಿ, ಬರೆದುಕೊಂಡು ಹೋದರು.

ಮಂಜೂರಾತಿ ಪತ್ರವನ್ನು ಮರ್ಸಿ ತಾವೇ ಔರಾದ್‌ಗೆ ತಂದರು. ಹನ್ನೊಂದೂ ಮನೆ! ಮುಂದಿನ ವಾರವೇ ಕೆಲಸ ಶುರುಮಾಡಬಹುದು. ಸಪನಾ ಪತ್ರವನ್ನು ಎರಡು ಸಲ ಓದಿದಳು. ಕಣ್ಣು ತುಂಬಿ ಬಂದು ಮೂರನೆಯ ಸಲ ಓದಲಾಗಲಿಲ್ಲ.

"ಒಂದು ಕೇಳ್ಲೇನ್ರಿ?" ಎಂದಳು ಕಣ್ಣೊರೆಸಿಕೊಂಡು. "ಮೊದಲು ಬಂದವರು... ಕ್ಯಾಲೆಬ... ಕಡತ ಯಾಕ ಬಿಟ್ಟುಕೊಟ್ರು?"

ಮರ್ಸಿ ಕನ್ನಡಕದ ಮೇಲಿಂದ ನೋಡಿದರು.

"ನಿಮಗ ಗೊತ್ತಿಲ್ಲೇನು? ನಮ್ಮ ಆಫೀಸಿನ್ಯಾಗ ಪ್ಯೂನಿನ ತನಕ ಎಲ್ಲರಿಗೂ ಗೊತ್ತದ."

"ಏನ್ರಿ?"

"ಕಾಗದ ತೋರ್ಸಂಗಿಲ್ಲ, ಬಾಯಿಲೆ ಹೇಳ್ತೇನಿ. ವರದಿ ಕೊನಿಗೆ ಒಂದು ಪ್ರಶ್ನಿ ಇರ್ತದ. ಅರ್ಜಿ ಹಾಕಿದವರ ಜೋಡಿ ನಿಮಗ ಏನರೆ ಸಂಬಂಧ ಅದ ಏನು ಅಂತ. ನಾವೆಲ್ಲ ಕಣ್ಣುಮುಚ್ಚಿ 'ಇಲ್ಲ' ಬರೀತೇವಿ. ನಮ್ಮ ಹುಡುಗ ಬರ್ದಾನ, 'ಸದ್ಯಕ್ಕೆ ಇಲ್ಲ. ಆದರೆ ನನಗೆ ಸಪನಾ ಅವರ ಮೇಲೆ ಪ್ರೀತಿ ಇದೆ. ಕಡತ ಬೇರೆಯವರಿಗೆ ಕೊಡಿ' ಅಂತ."

ಸಪನಾ ಕೈಯಲ್ಲಿದ್ದ ಪತ್ರವನ್ನು ಮಡಚಿ, ಮತ್ತೆ ಬಿಚ್ಚಿದಳು.

"ಈಗ ಭಾಲ್ಕಿ ಕಡೆ ಹಾಕ್ಯಾರ. ಇವತ್ತು ಸಾಯಗಾಂವದಾಗ ಇರ್ತಾನ," ಎಂದು ಮರ್ಸಿ ಚೀಲ ಎತ್ತಿಕೊಂಡರು. "ಇದು ನಾ ಹೇಳಿಲ್ಲ, ನೀವು ಕೇಳಿಲ್ಲ."

ಭಾಲ್ಕಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಸಪನಾಗೆ ಸಂತೋಷಕ್ಕಿಂತ ಭಯವೇ ಹೆಚ್ಚು. *ಖರೆ ಬರೆದನೋ? ಅಥವಾ ಎರಡನೇ ಸಲ ಪರಿಶೀಲನೆ ಆಗಲಿ, ಮನೆ ಉಳಿಯಲಿ ಅಂತ ಹೂಡಿದ ಉಪಾಯವೋ?* ಉಪಾಯವೇ ಆಗಿದ್ದರೆ ಅವನಿಗೆ ಕೈ ಮುಗಿದು ಬರಬೇಕು. ಆದರೆ ಕೈ ಮುಗಿದು ಬರುವಷ್ಟು ಗಟ್ಟಿ ಮನಸ್ಸು ಅವಳಲ್ಲಿ ಉಳಿದಿರಲಿಲ್ಲ. ತಾನು ಅವನನ್ನು ಪ್ರೀತಿಸುತ್ತಿದ್ದೇನೆ ಎಂದು ಅವಳು ಮೊದಲ ಸಲ ಒಪ್ಪಿಕೊಂಡದ್ದು ಆ ಬಸ್ಸಿನಲ್ಲೇ.

ಸಾಯಗಾಂವದ ಓಣಿಯೊಂದರಲ್ಲಿ ಕ್ಯಾಲೆಬ ಬಗ್ಗಿ ಯಾರದೋ ಮನೆಯ ಅಡಿಪಾಯ ಅಳೆಯುತ್ತಿದ್ದ.

"ಆ ತುದಿ ಜರಾ ಹಿಡೀರಿ," ಎಂದ, ಬಂದವರು ಯಾರೆಂದು ನೋಡದೆ.

ಸಪನಾ ಟೇಪಿನ ತುದಿ ಹಿಡಿದಳು. ಅಳತೆ ಬರೆದುಕೊಂಡು ತಲೆಯೆತ್ತಿದವನ ಕೈಯಿಂದ ಪೆನ್ನು ಜಾರಿತು.

"ನೀವು... ಇಲ್ಲಿ?"

"ಆ ಕಾಗದದಾಗ ಬರ್ದಿದ್ದು ಖರೆ ಏನ್ರಿ? ಇಲ್ಲಾ, ಕೌಸಲ್ಯಾಬಾಯಿ ಮನಿ ಉಳಿಸ್ಲಿಕ್ಕ ಮಾಡಿದ ಹಂಚಿಕಿ ಏನು?"

ಅವನು ಬಿದ್ದ ಪೆನ್ನು ಎತ್ತಿಕೊಂಡ. ಕಿವಿ ಕೆಂಪಾಗಿತ್ತು.

"ಮನಿ ಉಳಿಸ್ಲಿಕ್ಕ ಹಂಚಿಕಿ ಬೇಕಾಗಿರ್ಲಿಲ್ರಿ. ಆ ಮನಿಯಾಗ ಒಂದು ಪ್ಲಗ್ ಪಾಯಿಂಟೂ ಇಲ್ಲ. ಫ್ರಿಜ್ ಹೊರಗಿಂದು ಅಂತ ಒಳಗ ಬಂದಾಗೇ ಗೊತ್ತಾಯ್ತು."

"ಮತ್ತ ನಿಮ್ದೇನು ಅಂತ ಯಾಕ ಕೇಳಿದ್ರಿ?"

"ಕೇಳೋದು ನನ್ನ ಕೆಲಸ. ಅವರು ಹೌದು ಅಂದ್ರು. ಅವರ ಕೈಯಾಗಿನ ಸುಸಲಾ ತಿಂದು, ಅವರ ಮಾತು ಸುಳ್ಳಂತ ಹ್ಯಾಂಗ ಅನ್ಲಿ? 'ಅತಿಥಿಗಾಗಿ ಎರವಲು ತಂದದ್ದು' ಅಂತ ಬರ್ದೆ. ನನ್ನ ವರದಿಯಾಗ ಹನ್ನೊಂದೂ ಮನಿ ಪಾಸಾಗಿದ್ವು."

ಸಪನಾ ಟೇಪಿನ ತುದಿ ಕೆಳಗಿಟ್ಟಳು. ಇವನನ್ನೇ ಅಲ್ಲವೇ ತಾನು ಅಷ್ಟೊಂದು ಬೈದದ್ದು?

"ಕೊನಿಗೆ ಆ ಪ್ರಶ್ನಿ ಬಂತು," ಎಂದ ಕ್ಯಾಲೆಬ. "ಇಲ್ಲ ಅಂತ ಬರೀಲಿಕ್ಕ ಕೈ ಬರ್ಲಿಲ್ಲ. ನಾಳಿಗಿ ಯಾರರೆ, ಹುಡುಗಿ ಸಲುವಾಗಿ ಪಾಸ್ ಮಾಡ್ಯಾನ ಅಂದ್ರ ಆ ಮಂದಿ ತಲಿ ತಗ್ಗಿಸ್ಬೇಕಾಗ್ತಿತ್ತು. ಅದಕ್ಕ ನನ್ನ ವರದಿ ವಾಪಸ್ ತಗೊಂಡೆ."

"ಆಫೀಸಿಗೆಲ್ಲ ಹೇಳ್ದವರು ನನಗೊಂದು ಮಾತು ಹೇಳ್ಬಾರದಾಗಿತ್ತೇನು? ನೀವು ಫೋನ್ ಬಿಟ್ಟು ಇಪ್ಪತ್ತಾರು ದಿನ್ರಿ..." ಅವಳು ಕಣ್ಣೊರೆಸಿಕೊಂಡಳು.

"ಕಡತದ ತೀರ್ಮಾನ ಆಗೋತನಕ ಹ್ಯಾಂಗ ಹೇಳ್ಲಿ? ಬ್ಯಾಡ ಅಂದ್ರ ಮನಿ ಹೋದಾವಂತ ನಿಮಗ ಅಂಜಿಕಿ. ಹೂಂ ಅಂದ್ರ, ಅದು ನನಗ ಅಂದಿದ್ದೋ ಮನಿಗೋಳಿಗೆ ಅಂದಿದ್ದೋ ಅಂತ ನನಗ ಸಂಶಯ." ಅವನು ಅವಳ ಕಣ್ಣನ್ನೇ ನೋಡಿದ. "ಈಗ ನಿಮ್ಮದೇನೂ ನನ್ನ ಕೈಯಾಗಿಲ್ಲ. ಬ್ಯಾಡ ಅನ್ನಂಗಿದ್ರ ಅಂದುಬಿಡ್ರಿ. ಎಕಂಬಾದಾಗ ಒಂದು ಇಟ್ಟಂಗಿನೂ ಅಲಗಾಡಂಗಿಲ್ಲ."

ನೆರವು ಕೊಡುವ ಎಷ್ಟೋ ಜನರನ್ನು ಸಪನಾ ನೋಡಿದ್ದಳು. ಕೊಟ್ಟದ್ದಕ್ಕೆ ಬ್ಯಾನರ್ ಕೇಳಿದವರು, ಹಾರ ಕೇಳಿದವರು, ಬಡವರನ್ನು ಸಾಲಾಗಿ ನಿಲ್ಲಿಸಿ ಫೋಟೋ ಕೇಳಿದವರು. ತನ್ನ ಕೈ ಖಾಲಿ ಮಾಡಿಕೊಂಡು, ಆಮೇಲೆ ಅವಳ ಮುಂದೆ ನಿಂತವನು ಇವನೊಬ್ಬನೇ. ಅವಳ ಮನಸ್ಸು ತುಂಬಿಬಂತು.

"ನಾವು ಬುದ್ಧನ್ನ ನಂಬೋ ಮಂದಿ, ನೀವು ಚರ್ಚಿನವರು," ಎಂದಳು ಮೆಲ್ಲಗೆ. "ನಿಮ್ಮ ಅವ್ವಾರು ಏನಂತಾರ?"

"ಹೇಳೀನ್ರಿ. ಆ ಹುಡುಗಿ ನಿನಗ ಬೈತಾಳೇನು ಅಂತ ಕೇಳಿದ್ಲು. ಭಾಳ ಬೈತಾಳ ಅಂದೆ. ಹಂಗಾರ ಚೊಲೊ ಆಯ್ತು ಅಂದ್ಲು."

ಸಪನಾ ಅಳುವಿನ ನಡುವೆಯೇ ನಕ್ಕಳು.

"ನಮ್ಮಪ್ಪಗ ನಾನು ಇನ್ನೂ ಹೇಳಿಲ್ಲ. ಭಾಳ ಪ್ರಶ್ನಿ ಕೇಳ್ತಾರ ನೋಡ್ರಿ."

"ಕೇಳ್ಲಿ. ಕುಂತು ಎಲ್ಲಕ್ಕೂ ಉತ್ತರ ಹೇಳ್ತೇನಿ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಮೊದಲು ನಂದೊಂದು ಪ್ರಶ್ನಿ ಅದಲ್ರಿ... ನಿಮ್ಮ ಉತ್ತರ?"

"ಬ್ಯಾಡ ಅನ್ನೋದಿದ್ರ ಫೋನಿನ್ಯಾಗೇ ಅಂತಿದ್ದೆ," ಎಂದಳು ಸಪನಾ. "ಹೂಂ ಅನ್ನೋದಿತ್ತು, ಅದಕ್ಕ ಬಂದೀನಿ."