ಬೆನ್ನಿಗೆ ಬೆನ್ನು

೧೯೫೦ನೇ ಇಸ್ವಿ ಫೆಬ್ರುವರಿ ಹನ್ನೊಂದು, ಬೆಳಿಗ್ಗೆ ಒಂಬತ್ತು ಗಂಟೆ. ನಿಜಾಮೋದ್ದೀನ ಎಂಬುವನು ಭಾಲ್ಕಿ ಠಾಣೆಗೆ ಬಂದು, ತನ್ನ ಅಣ್ಣ ಲಾಲ ಅಹ್ಮದ ತೀರಿಕೊಂಡಿದ್ದಾನೆ, ಆ ಸಾವಿನ ಮೇಲೆ ತನಗೆ ಸಂಶಯವಿದೆ ಎಂದ. ಠಾಣೆಯ ಅಧಿಕಾರಿ ಅಮೀನ ಜ್ಞಾನೇಶ್ವರನ ಮನೆಯಲ್ಲಿ ಕೂಸಿಗೆ ಜ್ವರ ಬಂದು, ಅವನೂ ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

"ನಿಮ್ಮಣ್ಣಗ ಎದಿ ಬ್ಯಾನಿ ಇತ್ತಲ್ಲ?" ಎಂದು ಕೇಳಿದ ಜ್ಞಾನೇಶ್ವರ.

"ಇತ್ತರಿ."

"ಮತ್ತ ಸಂಶಯ ಯಾತರದು?"

"ಮುಂಜಾನಿ ನಾ ಹೋದಾಗ ಅಂಗಾತ ಮಲಗಿದ್ದರಿ. ವರ್ಷದ ಮ್ಯಾಲಾಯ್ತು, ಅಂವ ನೆಲಕ್ಕ ಬೆನ್ನು ಹಚ್ಚಿಲ್ಲ. ಅಡ್ಡಾದ್ರ ಉಸಿರು ಕಟ್ತಿತ್ತು, ಕುಂತೇ ನಿದ್ದಿ. ಬಾಜೂಕ ಭಾಬಿನೂ ಅಡ್ಡಾಗಿದ್ಲು. ಮೈಮ್ಯಾಲ ಬಿಸಿಲು ಬಂದ್ರೂ ಎದ್ದಿರಲಿಲ್ಲ."

"ಮಲಗೋದೂ ಗುನ್ಹೆ ಆದ್ರ ಮೊದಲ ನನ್ನ ಹಿಡೀರಿ, ಸಾಹೇಬ್ರ," ಎಂದ ಜಮಾದಾರ ಹಣಮಂತಪ್ಪ. ಯಾರೂ ನಗಲಿಲ್ಲ. ಎಫ್.ಐ.ಆರ್. ಉರ್ದುವಿನಲ್ಲಿ ದಾಖಲಾಯಿತು.

ಒಂದೇ ಕೋಣೆಯ ಮನೆ. ಪಂಚರಿಬ್ಬರನ್ನು ನಿಲ್ಲಿಸಿಕೊಂಡು ಜ್ಞಾನೇಶ್ವರ ಪಂಚನಾಮೆ ಮಾಡಿದ. ಮೈಮೇಲೆ ಗಾಯವಿಲ್ಲ. ತುಟಿ ನೀಲಿ. ಹೆಂಡತಿ ಅಕ್ತರಬೀ ಹೊಸ್ತಿಲ ಬಳಿ ಕೂತಿದ್ದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಖಾಲಾ, ಇವರು ಯಾವುದಕ್ಕ ಒರಗಿ ಕುಂತು ಮಲಗ್ತಿದ್ರು?" ಜ್ಞಾನೇಶ್ವರ ಆಕೆಯನ್ನು ಚಿಕ್ಕಮ್ಮನೆಂದು ಕರೆದೇ ಕೇಳಿದ.

"ಗೋಡಿಗರಿ."

ಜ್ಞಾನೇಶ್ವರ ಗೋಡೆ ನೋಡಿದ. ಅವನ ಸ್ವಂತ ಮನೆಯಲ್ಲಿ ಅಪ್ಪ ದಿನಾ ಒರಗಿ ಕೂಡುವ ಕಡೆ ಗೋಡೆಗೆ ತಲೆಯೆಣ್ಣೆಯ ಕರಿ ಕಲೆ ಹತ್ತಿತ್ತು, ಎಷ್ಟು ಸುಣ್ಣ ಬಳಿದರೂ ಹೋಗಿರಲಿಲ್ಲ. ಇಲ್ಲಿ ನಾಲ್ಕೂ ಗೋಡೆ ಹಾಲಿನ ಹಾಗಿದ್ದವು. ಅಷ್ಟರಲ್ಲಿ ಅಕ್ತರಬೀ ಪಂಚರಿಗೆ ನೀರು ತರಲು ಎದ್ದಳು. ಓಢಣಿ ಜಾರಿತು. ಅವಳ ಕುರ್ತಾದ ಬೆನ್ನು ಸವೆದು ಹರಿದು, ಅದಕ್ಕೆ ತೇಪೆ ಬಿದ್ದು, ಆ ತೇಪೆಯೂ ಸವೆದಿತ್ತು. ಹೆಗಲ ನಡುವೆ ಎಣ್ಣೆಯ ಕರಿ ಕಲೆ.

ಜ್ಞಾನೇಶ್ವರ ಆ ಕಲೆಯನ್ನೂ ಗೋಡೆಯನ್ನೂ ಮತ್ತೊಮ್ಮೆ ನೋಡಿದ. ಹೆಣವನ್ನು ರೈಲಿನಲ್ಲಿ ಬೀದರಕ್ಕೆ ಒಯ್ದ.

"ಹೊಟ್ಟೆಯಲ್ಲಿ ನಿದ್ದೆ ಗುಳಿಗೆಯ ಚೂರುಗಳಿವೆ," ಎಂದರು ಶವಪರೀಕ್ಷೆ ಮಾಡಿದ ಡಾಕ್ಟರು. "ಗಟ್ಟಿ ಮನುಷ್ಯನಾಗಿದ್ದರೆ ಮಧ್ಯಾಹ್ನದ ತನಕ ಮಲಗಿ ಏಳ್ತಿದ್ದ. ಇವನ ಹೃದಯ ಸೋತು ಎದೆಯಲ್ಲಿ ನೀರು ತುಂಬಿತ್ತು. ಉಸಿರು ಕಟ್ಟಿದಾಗ ಎಚ್ಚರಾಗಿ ಎದ್ದು ಕೂಡಬೇಕಿತ್ತು. ಗುಳಿಗೆ ಆ ಎಚ್ಚರವನ್ನೇ ತೆಗೀತು."

ಭಾಲ್ಕಿ ಪೇಟೆಯಲ್ಲಿ ಲಾಲ ಅಹ್ಮದ ತೋರಿಸಿಕೊಳ್ಳುತ್ತಿದ್ದ ಖಾಸಗಿ ದವಾಖಾನೆಯ ಕಂಪೌಂಡರ ಜಹೀರೋದ್ದೀನ, ಅಕ್ತರಬೀಗೆ ಗುಳಿಗೆ ಕೊಟ್ಟದ್ದನ್ನು ಮೊದಲ ಪ್ರಶ್ನೆಗೇ ಒಪ್ಪಿಕೊಂಡ.

"ತನಗ ಬೇಕಂದ್ಲರಿ. ಆಕಿ ಕಣ್ಣು ನೋಡಿದ್ರ ನೀವೂ ಕೊಡ್ತಿದ್ರಿ."

"ಗಂಡಗ ಕೊಡಬಾರದು ಅಂತ ಆಕಿಗೆ ಗೊತ್ತಿತ್ತಾ?"

"ಡಾಕ್ಟರ ಸಾಹೇಬ್ರು ನನ್ನ ಎದರಿಗೇ ಹೇಳ್ಯಾರರಿ. ಇಂಥಾ ಎದಿಗೆ ನಿದ್ದಿ ಔಷಧ ವಿಷ ಅಂತ."

ಮರುದಿನ ಮಧ್ಯಾಹ್ನ ಜ್ಞಾನೇಶ್ವರ ಅಕ್ತರಬೀ ಎದುರಿಗೆ ಕೂತ. ನಿಜಾಮೋದ್ದೀನ ಬಾಗಿಲಲ್ಲಿ ನಿಂತಿದ್ದ.

"ಗುಳಿಗಿ ಯಾರ ಸಲುವಾಗಿ ತಂದ್ರಿ, ಖಾಲಾ?"

"ನನ್ನ ಸಲುವಾಗೇರಿ. ಗೋಡಿ ಥಂಡಿ ಅಂತಿದ್ರು. ದಿನಾ ರಾತ್ರಿ ಬೆನ್ನಿಗೆ ಬೆನ್ನು ಕೊಟ್ಟು ಕುಂಡ್ರತಿದ್ದೆ. ಗುಳಿಗಿ ಕೈಯಾಗ ಹಿಡದಾಗ ತಿಳೀತು, ನಾ ಮಲಗಿದ್ರ ಅವರು ಬೀಳ್ತಾರ."

"ಅದಕ್ಕ ಅವರಿಗೆ ಕೊಟ್ರಿ?"

"ಮೂರು. ಒಂದು ಕೊಟ್ರ ಏಳ್ತಾರ ಅನಸ್ತು."

"ಸಾಯ್ತಾರ ಅಂತ ಗೊತ್ತಿತ್ತು."

"ಡಾಕ್ಟರ ಹೇಳಿದ್ದು ನೆನಪಿತ್ತರಿ. ಮಲಗಬೇಕು ಅನ್ನೋದು ಅದಕ್ಕಿಂತ ದೊಡ್ಡದಾಗಿತ್ತು. ಮಕ್ಬೂಲ ಇದ್ದಿದ್ರ ಒಂದು ಪಾಳಿ ಅಂವ ಕುಂಡ್ರತಿದ್ದ."

ಮಕ್ಬೂಲ ಅವರ ಒಬ್ಬನೇ ಮಗ. ಆಗ ಅವರ ಮನೆ ಔರಾದದಲ್ಲಿತ್ತು. ೧೯೪೮ರಲ್ಲಿ ಸೈನ್ಯ ಬಂದು ಸಂಸ್ಥಾನ ಬಿದ್ದ ಪೊಲೀಸ್ ಆ್ಯಕ್ಷನ್ ಗದ್ದಲದಲ್ಲಿ, ಊರು ಬಿಡಲಿಕ್ಕೆ ಬಂಡಿ ತರ್ತೇನೆಂದು ಕಮಲನಗರದ ಕಡೆ ಹೋದವನು ತಿರುಗಿ ಬರಲಿಲ್ಲ. ತಂದೆಯ ಎದೆ ಕೆಟ್ಟದ್ದು ಆಮೇಲೆ.

ಜ್ಞಾನೇಶ್ವರ ಬಾಗಿಲ ಕಡೆ ತಿರುಗಿದ. "ನೀನು ದಿನಾ ಬರ್ತಿದ್ದಿ. ಒಂದು ರಾತ್ರಿಯಾದ್ರೂ ನೀ ಕುಂತಿದ್ದಿಯೇನು?"

"ನನಗ ಯಾರೂ ಹೇಳಲಿಲ್ಲರಿ," ಎಂದ ನಿಜಾಮೋದ್ದೀನ. ಸ್ವಲ್ಪ ತಡೆದು, "ಫಿರ್ಯಾದಿ ವಾಪಸ್ ತಗೋಬಹುದೇನ್ರಿ?" ಎಂದ.

"ಬರಂಗಿಲ್ಲ."

ನಾಲ್ಕು ಗಂಟೆಗೆ ಅಕ್ತರಬೀಯ ದಸ್ತಗಿರಿಯಾಯಿತು. ಠಾಣೆಯ ಕೋಣೆಯಲ್ಲಿ ಹಣಮಂತಪ್ಪ ತನ್ನದೇ ಕಂಬಳಿ ಹಾಸಿ, "ಅಡ್ಡಾಗ್ರಿ ಖಾಲಾ, ಈಗ ಯಾರೂ ಕರಿಯಂಗಿಲ್ಲ," ಎಂದ.

ಜ್ಞಾನೇಶ್ವರ ಕಾಗದಪತ್ರ ಮುಗಿಸಿ ಬಂದಾಗ ಅವಳಿಗೆ ನಿದ್ದೆ ಹತ್ತಿತ್ತು. ಕಂಬಳಿಯ ಮೇಲೆ ಮಲಗಿರಲಿಲ್ಲ, ಗೋಡೆಗೂ ಒರಗಿರಲಿಲ್ಲ. ಕೋಣೆಯ ನಟ್ಟನಡುವೆ ಕೂತು, ಕಾಲೂರಿ, ಹಿಂದೆ ಒರಗಿದವರ ಭಾರ ತಡೆಯುವ ಹಾಗೆ ಬೆನ್ನು ಬಿಗಿಹಿಡಿದಿದ್ದಳು.

"ಎಬ್ಬಿಸಿ ಮಲಗಸ್ಲೇನ್ರಿ?" ಎಂದ ಜಮಾದಾರ.

"ಬ್ಯಾಡ," ಎಂದ ಜ್ಞಾನೇಶ್ವರ.